ಕೆಂಚಮ್ಮನ ಜಾಡಿ

ಆ ವರ್ಷ ಶಿವರಾತ್ರಿ ಕಳೆದರೂ ನಮ್ಮೂರಿನ ಮಂಜು ಎದ್ದು ಹೋಗಲಿಲ್ಲ. ದೀಪಾವಳಿಯ ಹಿಂದೆಯೇ ಬಂದು ಊರಿನ ಮೇಲೆ ಕೂರುವುದು, ಶಿವರಾತ್ರಿಯ ಹೊತ್ತಿಗೆ ಗಂಟುಮೂಟೆ ಕಟ್ಟುವುದು ಅದರ ರೂಢಿ. ಅಷ್ಟು ತಿಂಗಳು ಎದುರುಮನೆಯ ಜಗಲಿಯ ಮೇಲೆ ಕೂತವರು ಯಾರೆಂದು ಅವರ ಕೆಮ್ಮು ಕೇಳಿ ತಿಳಿಯಬೇಕು. ಅದಕ್ಕೆ ನಾವೆಲ್ಲ ಒಗ್ಗಿಕೊಂಡವರೇ. ಬೇಸಿಗೆಯಲ್ಲಿ ಹಾಕಿಟ್ಟ ಉಪ್ಪಿನಕಾಯಿ ಜಾಡಿಗಳು ನಮ್ಮ ಕೈಹಿಡಿಯುತ್ತಿದ್ದವು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದ ದಿನ ಹೊರಗೆ ಎಂಥ ಹವೆ ಇತ್ತೋ, ಅದನ್ನು ಬಿಚ್ಚಿದ ದಿನ ಆ ಮನೆಯೊಳಗೆ, ಆ ಮನೆಯ ಅಂಗಳದಲ್ಲಿ ಅದೇ ಹವೆ, ಕತ್ತಲಾಗುವವರೆಗೆ. ಆಮೇಲೆ ಜಾಡಿಯಲ್ಲಿ ಉಳಿಯುವುದು ಬರೀ ಉಪ್ಪಿನಕಾಯಿ, ಅದೂ ಬೇಗ ಕೆಡುವಂಥದ್ದು. ಕೇರಿಗೆಲ್ಲ ಹಂಚಿ ತಿಂದು ಮುಗಿಸಬೇಕು. ಹಾಗಾಗಿ ದೊಡ್ಡ ಜಾಡಿ ನಮ್ಮಲ್ಲಿ ಯಾರೂ ಇಡುವುದಿಲ್ಲ. ಗೇಣೆತ್ತರದ ಜಾಡಿಗಳು, ಅಟ್ಟದ ತುಂಬ ಸಾಲಾಗಿ.

ಮಂಜಿನ ದಿನಗಳಲ್ಲಿ ಬೆಳಗಾದರೆ ಕೇರಿಯಲ್ಲಿ ಮೊದಲು ಕೇಳುವ ಮಾತು ‘ಇವತ್ತು ಯಾರ ಮನೇಲಿ ಬಿಸಿಲು’ ಎಂದು. ಬಿಸಿಲಿರುವ ಮನೆಗೆ ಒದ್ದೆ ಬಟ್ಟೆ ಹೊತ್ತವರು, ತಲೆಗೆ ಎಣ್ಣೆ ಹಚ್ಚಿಕೊಂಡ ಮುದುಕಿಯರು, ಮಂಡಿನೋವಿನವರು, ಪರೀಕ್ಷೆಗೆ ಓದುವ ಮಕ್ಕಳು ಎಲ್ಲ ಹೋಗಿ ಕೂರುತ್ತಾರೆ. ಹೆಣ್ಣು ನೋಡಲು ಬಂದವರು ಮಾತಿನ ನಡುವೆ ಒಮ್ಮೆ ಅಟ್ಟದ ಕಡೆ ಕಣ್ಣು ಹಾಯಿಸದೆ ಎದ್ದುಹೋಗುವುದಿಲ್ಲ. ಗಾಳಿಯ ದಿನವೆಂದು ನೋಡದೆ ಜಾಡಿ ಕಟ್ಟಿದ ಮೇಷ್ಟ್ರ ಮನೆಯಲ್ಲಿ ಒಮ್ಮೆ ಬೆಳಗಿನಿಂದ ಸಂಜೆಯವರೆಗೆ ಕದಗಳು ಬಡಿದುಕೊಂಡು, ಅವರ ಪಂಚೆ ಹಾರಿಹೋಗಿ ಜಂತಿಗೆ ಸುತ್ತಿಕೊಂಡಿತ್ತು. ಜಾಡಿ ಬಿಚ್ಚಿದವರ ಮನೆಯ ಬಿಸಿಲಿಗೆ ಯಾರು ಬೇಕಾದರೂ ಹೋಗಬಹುದು. ಆದರೆ ಒಂದು ಮರ್ಯಾದೆ ಮಾತ್ರ ಎಲ್ಲರೂ ಪಾಲಿಸುತ್ತಿದ್ದರು. ಅಟ್ಟದಲ್ಲಿ ಒಂದೇ ಜಾಡಿ ಉಳಿದವರ ಹತ್ತಿರ ಅದನ್ನು ಕೇಳಬಾರದು. ಯಾರ ಮನೆಯಲ್ಲಿ ಯಾವಾಗ ಏನು ಬರುತ್ತದೋ ಯಾರಿಗೆ ಗೊತ್ತು.

ನನ್ನ ಕೆಲಸ ಒಟ್ಲು ಹಾಕುವುದು, ಅಂದರೆ ಬೀಜ ಬಿತ್ತಿ ಸಸಿ ಎಬ್ಬಿಸುವುದು. ಮದುವೆಯಾಗಿ ಈ ಊರಿಗೆ ಬಂದ ವರ್ಷ ಅತ್ತೆ ನನ್ನ ಸೆರಗಿಗೆ ಬೀಜ ಸುರಿದು ಕಲಿಸಿಕೊಟ್ಟ ಕೆಲಸ. ಹಳೆಯ ತಗಡಿನ ತಟ್ಟೆ, ಒಡೆದ ಮಡಕೆಯ ತಳ, ತೆಂಗಿನ ಚಿಪ್ಪು, ಸಿಕ್ಕಿದ್ದರಲ್ಲೆಲ್ಲ ಮರಳು, ಕೆಮ್ಮಣ್ಣು, ಹಳೆ ಗೊಬ್ಬರ ಬೆರೆಸಿ ತುಂಬಿ, ಬೀಜ ಚೆಲ್ಲಿ, ಮೇಲೆ ಬೆರಳಿನಲ್ಲಿ ಬೂದಿ ಉದುರಿಸುತ್ತೇನೆ. ನಡುಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಿಟಕಿಯ ಕಡೆ ದೊಡ್ಡಪತ್ರೆ, ಪುದೀನ, ಒಂದೆಲಗ, ಕಾಮಕಸ್ತೂರಿ. ಇವು ನೆರಳಿಗೂ ಜಗ್ಗುವುದಿಲ್ಲ. ಕೆಮ್ಮು ನೆಗಡಿ ಅಂತ ಬಂದವರಿಗೆ ಚಿವುಟಿ ಕೊಡುತ್ತೇನೆ. ನಡುವೆ ಬದನೆ, ಟೊಮೆಟೊ. ಎಲ್ಲಕ್ಕಿಂತ ಹೆಚ್ಚು ಜಾಗ ಗಿಡ್ಡಗಾಯಿಗೆ. ಅದು ನಮ್ಮೂರಿನ ಮೆಣಸಿನಕಾಯಿ, ಮೋಟು ಮೋಟಾಗಿ ಆಕಾಶಕ್ಕೆ ಮುಖ ಮಾಡಿ ಬಿಡುತ್ತದೆ. ಬೇರೆ ಮೆಣಸಿನಪುಡಿ ಹಾಕಿ ಕಟ್ಟಿದ ಜಾಡಿಯನ್ನು ಬಿಚ್ಚಿದರೆ ಬಿಸಿಲೂ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಇದರ ಬೀಜ ವರ್ಷ ದಾಟಿದರೆ ಮೊಳೆಯುವುದಿಲ್ಲವಾದ್ದರಿಂದ ಇದ್ದದ್ದನ್ನೆಲ್ಲ ಆಯಾ ವರ್ಷವೇ ಬಿತ್ತಬೇಕು. ಮಂಜಿನಲ್ಲಿ ಬಿತ್ತಿ, ನನ್ನ ಜಾಡಿಗಳ ಬಿಸಿಲು ತೋರಿಸಿ ಬೆಳೆಸಿ, ಮಂಜು ಎದ್ದ ಕೂಡಲೇ ಮನೆಮನೆಗೆ ಸಸಿ ಕೊಡುವುದು ನಡೆದುಬಂದಿತ್ತು. ಅದಕ್ಕೆ ಪ್ರತಿಯಾಗಿ ನಾನು ಯಾರಿಂದಲೂ ಏನೂ ಕೇಳಿದವಳಲ್ಲ. ಕೇಳುವುದಿಲ್ಲ ಎನ್ನುವುದು ನನಗೆ ಒಳಗೊಳಗೇ ಹೆಮ್ಮೆಯ ವಿಷಯವಾಗಿತ್ತು.

ಈಗ ಶಿವರಾತ್ರಿ ಕಳೆಯಿತು, ಯುಗಾದಿಯ ಮಾತು ಶುರುವಾಯಿತು, ಮಂಜು ಹಾಗೇ ಇತ್ತು. ನನ್ನ ಅಟ್ಟ ಖಾಲಿಯಾಯಿತು. ಗಿಡ್ಡಗಾಯಿಯ ಸಸಿಗಳು ಬೆಳಕು ಹುಡುಕಿಕೊಂಡು ನೂಲಿನ ಹಾಗೆ ಉದ್ದವಾಗಿ, ಬಿಳಿಚಿಕೊಂಡು, ಒಂದರ ಮೇಲೊಂದು ಒರಗಿದವು. ಒಂದು ಬೆಳಿಗ್ಗೆ ನೋಡಿದರೆ ಮೂಲೆಯ ತಟ್ಟೆಯಲ್ಲಿ ಬುಡ ಕೊಳೆತು ಅಂಗೈಯಗಲದಷ್ಟು ಸಸಿ ಮಲಗಿಬಿಟ್ಟಿದ್ದವು. ಬೂದಿ ಹಾಕಿದೆ, ನೀರು ನಿಲ್ಲಿಸಿದೆ, ಒಲೆಯ ಪಕ್ಕ ಇಟ್ಟೆ. ಮಾರನೆಯ ದಿನ ಇನ್ನೊಂದು ತಟ್ಟೆ ಹೋಯಿತು. ಒಟ್ಲು ಸತ್ತರೆ ಗಿಡ್ಡಗಾಯಿ ಇಲ್ಲ, ಗಿಡ್ಡಗಾಯಿ ಇಲ್ಲದಿದ್ದರೆ ಬರುವ ಮಂಜಿಗೂ, ಅದರಾಚೆಯ ಯಾವ ಮಂಜಿಗೂ ಊರಿನಲ್ಲಿ ಬಿಸಿಲಿಲ್ಲ. ಇದನ್ನು ನಾನು ಯಾರಿಗೂ ಹೇಳದೆ ತಟ್ಟೆಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದೆ.

ನಮ್ಮ ಮನೆಯವರು ಊರಿನ ನೀರಿನ ಟ್ಯಾಂಕು ನೋಡಿಕೊಳ್ಳುವವರು, ಮಾತು ಕಡಿಮೆ. ಅವರು ಬಾಗಿಲಲ್ಲಿ ನಿಂತು, “ಹೋಗಿ ಯಾರನ್ನಾದ್ರೂ ಕೇಳು” ಅಂದರು. “ಎಲ್ಲಾರದೂ ಒಂದೊಂದೇ ಉಳ್ದೈತೆ. ಹೆಂಗೆ ಕೇಳ್ಲಿ” ಅಂದೆ. “ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು. ಕೇಳೋಕೆ ನಿಂಗೇನು, ಬಾಯಿ ಬಿದ್ದೋಗೈತಾ” ಅಂದು ಬೀಗದಕೈ ಗೊಂಚಲು ತೆಗೆದುಕೊಂಡು ಹೊರಟುಹೋದರು.

ಪಕ್ಕದ ಮನೆಯ ಜೈಬುನಕ್ಕನ ಹತ್ತಿರ ಒಂದು ನಿಂಬೆಕಾಯಿ ಜಾಡಿ ಇತ್ತು. ಆದರೆ ಅವಳ ಮಗಳು ಶಮೀಮ ತುಂಬು ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿನ ಬಟ್ಟೆ ಒಣಗಿಸಲು ಇಟ್ಟ ಜಾಡಿಯನ್ನು ಕೇಳುವ ಮನಸ್ಸು ಬರಲಿಲ್ಲ. ಮಿಕ್ಕವರದ್ದೂ ಹಾಗೇ, ಕಷ್ಟಕ್ಕೆಂದು ಇಟ್ಟ ಒಂದೊಂದು ಜಾಡಿ. ಯಾವ ಕೆಲಸಕ್ಕೂ ಅಲ್ಲದೆ ಸುಮ್ಮನೆ ಕೂತಿದ್ದದ್ದು ಕೇರಿಯ ಕೊನೆಯ ಮನೆಯ ಮರಿಬಸಪ್ಪಮಾವನ ಜಾಡಿ ಒಂದೇ.

ಆ ಜಾಡಿಯ ಹೆಸರು ಕೇಳದವರು ಊರಿನಲ್ಲಿ ಇರಲಿಲ್ಲ. ಮರಿಬಸಪ್ಪಮಾವ ನಮ್ಮೂರಿನ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ಕೆಂಚಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರು ಹೋಗುವ ಹಿಂದಿನ ಬೇಸಿಗೆಯಲ್ಲಿ ಕಟ್ಟಿದ್ದ ಮಾವಿನಕಾಯಿ ಜಾಡಿ ಒಂದನ್ನು ಮಾವ ಬಿಚ್ಚದೆ ಹಾಗೇ ಇಟ್ಟುಕೊಂಡಿದ್ದರು. ಹೋಟೆಲಿನಲ್ಲಿ ಕೂತು ಯಾರಾದರೂ ತಮ್ಮ ಮನೆಯ ಬಿಸಿಲು ಹೊಗಳಿಕೊಂಡರೆ ಸಾಕು, “ನಿಮ್ದೆಲ್ಲ ಬಿಸಿಲೇನ್ರಯ್ಯ. ನಮ್ಮ ಕೆಂಚಿ ಕಟ್ಟಿದ್ದು ಬಿಚ್ಚಿದ್ರೆ ಮೂರು ಕೇರಿ ಜನ ಕಣ್ಣು ಮುಚ್ಕೋಬೇಕು” ಅನ್ನುತ್ತಿದ್ದರು. ಹೇಳಿ ಹೇಳಿ ಆ ಬಿಸಿಲು ಅವರ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು.

ಮಧ್ಯಾಹ್ನ ಹೋದೆ. ಮಾವ ಕಂಬಳಿ ಹೊದ್ದು ಹುರಿಗಾಳು ಅಗಿಯುತ್ತಿದ್ದರು. ವಿಷಯ ಹೇಳಿದೆ. ಸಸಿ ತೋರಿಸಲೆಂದು ಒಂದು ಚಿಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದಿದ್ದೆ, ಅದನ್ನೂ ತೋರಿಸಿದೆ. ಅವರು ಆ ಚಿಪ್ಪನ್ನು ಕೈಗೆ ತೆಗೆದುಕೊಂಡು ನೋಡಿ ವಾಪಸು ಕೊಟ್ಟರು. “ನಿಂಗಾಜವ್ವ, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು. ಮನೆ ಹೆಂಚು ಕೇಳು, ಇಳಿಸಿ ಕೊಡ್ತೀನಿ. ಅದು ಬಿಚ್ಬಿಟ್ರೆ ಆಮೇಲೆ ನನ್ಹತ್ರ ಏನೈತೆ ಹೇಳು” ಅಂದರು. “ಇಲ್ಲ ಮಾವ, ತಪ್ಪಾಯ್ತು, ನಾನು ಕೇಳಬಾರದಿತ್ತು” ಎಂದು ಎದ್ದುಬಂದೆ. ಮಂಜು ಇದ್ದದ್ದೇ ಒಳ್ಳೆಯದಾಯಿತು, ದಾರಿಯಲ್ಲಿ ನನ್ನ ಮುಖ ಯಾರಿಗೂ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಇನ್ನೊಂದು ಸತ್ತ ತಟ್ಟೆಯ ಮಣ್ಣು ಹಿತ್ತಲಿಗೆ ಸುರಿದು ಬರುವಷ್ಟರಲ್ಲಿ ಮಾವ ನಮ್ಮ ಜಗಲಿಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಅವರ ಹಳೆಯ ಖಾಕಿ ಕೋಟಿನಲ್ಲಿ ಸುತ್ತಿದ ಜಾಡಿ. “ನೀನು ಹೋದ್ಮೇಲೆ ಯೋಚನೆ ಮಾಡ್ದೆ” ಅಂದರು. “ಗಿಡ್ಡಗಾಯಿ ಹೋದ್ರೆ ಊರಿಗೆಲ್ಲ ನಂದೇ ಕಡೇ ಜಾಡಿ ಆಗ್ತದೆ. ಎಲ್ಲಾರೂ ಕತ್ಲಲ್ಲಿ ಕೂತಿರೋವಾಗ ನಾನೊಬ್ಬ ಬಿಸಿಲು ಬಚ್ಚಿಟ್ಕೊಂಡು ಕೂರೋದು, ಅದು ಕೆಂಚಿಗೆ ಸರಿಹೋಗೋ ಮಾತಲ್ಲ. ತಗೋ. ಆದ್ರೆ ನಾನೇ ಬಿಚ್ತೀನಿ.”

ಈ ಸುದ್ದಿ ಕೇರಿಗೆ ಹೇಗೆ ಮುಟ್ಟಿತೋ. ಮಾವ ಕಾಫಿ ಕುಡಿದು ಲೋಟ ಇಡುವುದರೊಳಗೆ ನಮ್ಮ ಬಾಗಿಲಲ್ಲಿ ಜನ. ಅಂಥ ಬಿಸಿಲನ್ನು ವ್ಯರ್ಥ ಮಾಡುವುದುಂಟೇ. ಒಬ್ಬರು ಹಾಸಿಗೆ ಸುರುಳಿ ತಂದರು. ಮೇಷ್ಟ್ರು ಮುಗ್ಗಲು ಹಿಡಿದ ಕೋಟು, ಅವರ ಹೆಂಡತಿ ಮೆತ್ತಗಾದ ಹಪ್ಪಳದ ಡಬ್ಬ, ಜೈಬುನಕ್ಕ ಎರಡು ದಿಂಬು. ಶಮೀಮ ಹೊಟ್ಟೆ ಹಿಡಿದುಕೊಂಡು ಬಂದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಳು. ಸಸಿಯ ತಟ್ಟೆಗಳನ್ನೆಲ್ಲ ನಡುಮನೆಯ ಮಧ್ಯಕ್ಕೆ ತಂದು, ಅವುಗಳ ಸುತ್ತ ಹಾಸಿಗೆ ದಿಂಬು ಹರವಿ, ಜನ ಗೋಡೆಗೆ ಒತ್ತಿಕೊಂಡು ನಿಂತರು. ಕಣ್ಣು ಚುಚ್ಚೀತೆಂದು ಕೆಲವರು ಆಗಲೇ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದಿದ್ದರು.

ಮಾವ ಜಾಡಿಯ ಬಟ್ಟೆಯ ಗಂಟನ್ನು ನಿಧಾನವಾಗಿ ಬಿಡಿಸಿದರು. ಅದು ಕೆಂಚಮ್ಮನವರ ಸೀರೆಯದೇ ಅಂಚು. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮುಚ್ಚಳ ಎತ್ತಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಕಾದ ನೆಲಕ್ಕೆ ನೀರು ಬಿದ್ದಾಗ ಏಳುವ ಮಣ್ಣಿನ ವಾಸನೆ ಬಂತು. “ಇದೇನು ಹಿಂಗೆ” ಎಂದು ಯಾರೋ ಅಂದದ್ದು ಕೇಳಿಸಿತು. ಅಟ್ಟದ ಮೇಲೆ ಗುಡುಗು ಉರುಳಿತು. ಮರುಗಳಿಗೆಗೆ ಜಂತಿಯ ನಡುವಿನಿಂದ ದಪ್ಪ ಹನಿಯ ಮಳೆ, ಮಾವಿನಕಾಯಿ ಉದುರಿಸುವಂಥ ಬೇಸಿಗೆಯ ಮಳೆ, ಎತ್ತಿ ಸುರಿದ ಹಾಗೆ ನಡುಮನೆಗೆ ಹೊಯ್ದುಬಿಟ್ಟಿತು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಒಲೆಯ ಮುಂದೆ ಒಬ್ಬಳೇ ನಗು ಬರುತ್ತದೆ. ಆಗ ನಗಲಿಲ್ಲ. “ಸಸಿ, ಸಸಿ ಎತ್ರೋ” ಎಂದು ಕೂಗಿದೆ. ಜನ ಹಾಸಿಗೆ ಬಿಟ್ಟರು, ದಿಂಬು ಬಿಟ್ಟರು, ಹಪ್ಪಳದ ಡಬ್ಬ ಉರುಳಿ ನೀರಿನಲ್ಲಿ ತೇಲಿತು. ಕೈಗೆ ಸಿಕ್ಕ ತಟ್ಟೆ, ಚಿಪ್ಪು, ಮಡಕೆ ಎತ್ತಿಕೊಂಡು, ಮೈ ಬಗ್ಗಿಸಿ ಹನಿಗೆ ಮರೆಮಾಡಿಕೊಂಡು, ಮಳೆಗೆ ಹೆದರಿ ಎಲ್ಲರೂ ಮನೆಯಿಂದ ಬೀದಿಗೆ ಓಡಿದೆವು. ಬೀದಿಯಲ್ಲಿ ಮಂಜು ತಣ್ಣಗೆ, ಸದ್ದಿಲ್ಲದೆ ನಿಂತಿತ್ತು. ಅಲ್ಲಿ ನಾವೆಲ್ಲ ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತ, ಎದೆಗೆ ಸಸಿ ಅವುಚಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಮಾವ ಇಷ್ಟು ವರ್ಷ ಕಾದಿಟ್ಟದ್ದನ್ನು ನಾನು ಕೇಳಿ ಬಿಚ್ಚಿಸಿ, ಊರಿನ ಮುಂದೆ ಅವರ ಮಾತು ನೀರುಪಾಲು ಮಾಡಿಬಿಟ್ಟೆನಲ್ಲ ಅನ್ನಿಸಿತು.

ಮಾವ ಮಾತ್ರ ಹೊರಗೆ ಬಂದಿರಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಜೈಬುನಕ್ಕನಿಗೆ ಕೊಟ್ಟು, ಗೋಣಿಚೀಲದ ಕೊಪ್ಪೆ ಹೊದ್ದು ಒಳಗೆ ಹೋದೆ. ನಡುಮನೆಯ ಮಧ್ಯೆ ಅವರು ಜಾಡಿ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದರು. ಕನ್ನಡಕದ ಮೇಲೆ ನೀರು ಇಳಿಯುತ್ತಿತ್ತು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದರೆ, ನಗು. ತಡೆಯಲಾಗದ ನಗು, ಉಸಿರು ಕಟ್ಟುವಂಥದ್ದು.

“ಅವತ್ತು ಮಾವಿನಕಾಯಿ ಹೆಚ್ಚೋಕೆ ಮನೇಲಿರ್ತೀನಿ ಅಂತ ಮಾತು ಕೊಟ್ಟಿದ್ದೆ ಕಣವ್ವ” ಅಂದರು. “ಯಾರೋ ಇಸ್ಪೀಟಿಗೆ ಕರೆದ್ರು, ಹೋಗ್ಬಿಟ್ಟೆ. ಬಿಸಿಲೆಲ್ಲ ಅಲ್ಲೇ ಕಳೀತು. ಮಳೆ ನಿಂತ ಮೇಲೆ ಬಂದೆ. ಇವಳು ಒಬ್ಳೇ ಎಲ್ಲ ಹೆಚ್ಚಿ, ಕಲಸಿ, ಜಾಡಿ ಕಟ್ಟಿ ಕೂತಿದ್ಲು. ಬಿಸಿಲು ಇರೋವಾಗ್ಲೇ ಕಟ್ಟಿದ್ಯಾ ಅಂತ ಕೇಳ್ದೆ. ‘ಬಿಚ್ಚಿದ ದಿನ ನಿಮಗೇ ಗೊತ್ತಾಗ್ತದೆ’ ಅಂದ್ಲು. ಅಷ್ಟೇ ಅಂದಿದ್ದು. ನಾನು ಹೋಟೆಲಲ್ಲಿ ಅದರ ಬಿಸಿಲು ಹೊಗಳ್ಕೊಂಡು ಬಂದು ಹೇಳೋವಾಗೆಲ್ಲ ಮುಖ ಆ ಕಡೆ ತಿರುಗಿಸ್ಕೊಂಡು ರೊಟ್ಟಿ ಬಡೀತಿದ್ಲು. ನಗೋಕೆ ಅಂತ ಈಗ ಗೊತ್ತಾಯ್ತು ನೋಡು.” ಮಳೆಯ ಸದ್ದಿನಲ್ಲಿ ಅವರು ಗಟ್ಟಿಯಾಗಿ ಹೇಳಬೇಕಾಗಿತ್ತು, ಬೀದಿಯವರಿಗೂ ಕೇಳಿಸಿತು. “ಇಷ್ಟು ವರ್ಷ ಆದ್ಮೇಲೂ ನನ್ನ ತೋಯಿಸೇ ಬಿಟ್ಲಲ್ಲ ಇವಳು.”

ಬೀದಿಯಲ್ಲಿ ಮೊದಲು ನಕ್ಕವಳು ಶಮೀಮ. ಆಮೇಲೆ ಮೇಷ್ಟ್ರ ಹೆಂಡತಿ. ಆಮೇಲೆ ಯಾರು ಎಂದು ಹೇಳುವಂತಿರಲಿಲ್ಲ, ಮಂಜೇ ನಗುತ್ತಿದ್ದ ಹಾಗಿತ್ತು. ಮಾವ ಜಾಡಿಗೆ ಬೆರಳು ಅದ್ದಿ ಒಂದು ಹೋಳು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು. “ಉಪ್ಪು, ಬರೀ ಉಪ್ಪು. ಸಿಟ್ಟು ಬಂದ ದಿನ ಅವಳ ಕೈಯಿಂದ ಬೀಳ್ತಿದ್ದ ಉಪ್ಪು” ಎಂದು ಇನ್ನೊಂದು ಹೋಳು ತೆಗೆದುಕೊಂಡರು.

ಮಾವನನ್ನು ಕರೆದುಕೊಂಡು ಹೊರಗೆ ಬರುವಷ್ಟರಲ್ಲಿ ಜನಕ್ಕೆ ಚಳಿ ಹಿಡಿದಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಜೈಬುನಕ್ಕ ಒದ್ದೆ ದುಪಟ್ಟಿ ಹಿಂಡಿ, ತನ್ನ ಮನೆಯೊಳಗೆ ಹೋದಳು. ಸ್ಟೂಲು ಎಳೆದ ಸದ್ದಾಯಿತು. ನನಗೆ ಅರ್ಥವಾಗಿ ಹಿಂದೆಯೇ ಓಡಿದೆ. “ಬೇಡ ಅಕ್ಕ, ಅದು ಕೂಸಿಗೆ ಇಟ್ಟಿದ್ದು” ಅಂದೆ. ಅವಳು ಜಾಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದಳು. “ಕೂಸು ಬರೋಕೆ ಇನ್ನೂ ದಿನ ಐತೆ. ನಾವೆಲ್ಲ ಜ್ವರ ಹಿಡ್ಕೊಂಡು ಮಲಗಿದ್ರೆ ಅದಕ್ಕೆ ನೀರು ಹಾಕೋರು ಯಾರು? ನಿನ್ನ ತಟ್ಟೆಗಳನ್ನೂ ತಂದು ಅಂಗಳದಲ್ಲಿಡು, ನಿಂತ್ಕೋಬೇಡ” ಎಂದು ಬಟ್ಟೆ ಬಿಚ್ಚಿಯೇಬಿಟ್ಟಳು.

ನಮ್ಮ ಮನೆಯಲ್ಲಿ ಮಳೆ, ಪಕ್ಕದ ಜೈಬುನಕ್ಕನ ಅಂಗಳದಲ್ಲಿ ಅರಿಶಿನದಂಥ ಬಿಸಿಲು, ಎರಡರ ನಡುವೆ ಬೀದಿಯಲ್ಲಿ ಮಂಜು. ಜನ ಕೂದಲು ಬಿಚ್ಚಿಕೊಂಡು, ಸೀರೆ ಹರವಿಕೊಂಡು, ಸಸಿಗಳ ಸುತ್ತ ಕೂತರು. ಮಧ್ಯಾಹ್ನಕ್ಕೆ ಅವಳ ನಿಂಬೆಕಾಯಿ, ಕೆಂಚಮ್ಮನವರ ಉಪ್ಪುಪ್ಪು ಮಾವಿನಕಾಯಿ, ನಮ್ಮ ಮನೆಯ ದೊಡ್ಡಪತ್ರೆ ತಂಬುಳಿ, ಒಂದು ಕೊಳಗ ಅನ್ನ. ಮಾವನಿಗೆ ನಮ್ಮ ಮನೆಯವರ ಪಂಚೆ ಕೊಟ್ಟಿದ್ದೆವು. ಅವರು ಪ್ರತಿ ತುತ್ತಿಗೂ ಅದೇ ಕತೆಯನ್ನು ಹೊಸದಾಗಿ ಬಂದವರಿಗೆ ಹೇಳುತ್ತಿದ್ದರು. ಪ್ರತಿ ಸಲವೂ ಕೆಂಚಮ್ಮ ಇನ್ನಷ್ಟು ಜಾಣೆಯಾಗುತ್ತಿದ್ದರು.

ಒಂದು ದಿನದ ಬಿಸಿಲು ಸಸಿಗಳಿಗೆ ಸಾಲದು. ಸಂಜೆ ಅದು ಇಳಿಯುತ್ತಿದ್ದಂತೆ ನಾನು ತಟ್ಟೆ ಜೋಡಿಸುತ್ತಿದ್ದೆ, ಮೇಷ್ಟ್ರು ಬಂದು ನಿಂತರು. “ನಾಳೆ ನಮ್ಮ ಮನೆಗೆ ತನ್ನಿ” ಅಂದರು. “ಗಾಳಿಯದಲ್ಲ, ಇದು ಸರಿಯಾದ್ದೇ, ನಾನೇ ನೋಡಿ ಕಟ್ಟಿದ್ದು.” ಹಾಗೆ ಒಟ್ಲು ಊರ ಮೇಲೆ ಹೊರಟಿತು. ಬೆಳಿಗ್ಗೆ ಒಂದು ಮನೆಗೆ, ಮರುದಿನ ಇನ್ನೊಂದಕ್ಕೆ, ತಲೆಯ ಮೇಲೆ ತಟ್ಟೆ ಹೊತ್ತ ಹೆಂಗಸರು ಮಂಜಿನಲ್ಲಿ ಸಾಲಾಗಿ ಹೋಗುವುದು, ಮುಂದಿನವಳು “ಮೆಟ್ಲು, ಮೆಟ್ಲು” ಎನ್ನುವುದು. ಯಾರ ಮನೆಗೆ ಹೋದರೂ ಆ ಮನೆಯ ಕೊನೆಯ ಜಾಡಿ, ಆ ಮನೆಯ ಬೇಸಿಗೆಯ ಒಂದು ದಿನ, ಮಧ್ಯಾಹ್ನದ ಊಟ. ಅಷ್ಟು ಬಗೆಯ ಉಪ್ಪಿನಕಾಯಿಯನ್ನು ಒಂದೇ ವಾರದಲ್ಲಿ ನಾನು ಜನ್ಮದಲ್ಲಿ ತಿಂದಿರಲಿಲ್ಲ. ಸತ್ತ ಸಸಿ ಸತ್ತವು, ಕಾಲುಭಾಗ ಹೋಗಿತ್ತು. ಉಳಿದವು ಬೆನ್ನು ನೆಟ್ಟಗೆ ಮಾಡಿಕೊಂಡು, ಎಲೆ ಕಪ್ಪುಹಸಿರಾಗಿ, ಕಾಂಡಕ್ಕೆ ಮಾಸಲು ಬಣ್ಣ ಬಂದು ಗಟ್ಟಿಯಾದವು.

ಶಮೀಮನ ಕೂಸು ಹೇಳಿದ್ದಕ್ಕಿಂತ ಮುಂಚೆ ಹುಟ್ಟಿತು, ಮಂಜು ಇದ್ದಾಗಲೇ. ಹೆಣ್ಣು. ಜೈಬುನಕ್ಕ ಒದ್ದೆ ಬಟ್ಟೆಯ ರಾಶಿ ಹಿಡಿದು ನಿಂತಿದ್ದಳು. ನಾನು ಯಾರನ್ನೂ ಕಾಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೇಲಿನ ಕೇರಿಗೆ ಹೋಗಿ ಮೊದಲ ಮನೆಯ ಬಾಗಿಲು ತಟ್ಟಿ, “ಕೂಸು ಹುಟ್ಟೈತೆ, ಒಂದು ಬಿಸಿಲು ಕೊಡಿ” ಅಂದೆ. ಬಾಗಿಲು ತೆಗೆದವರು ನನಗೆ ಸರಿಯಾಗಿ ಪರಿಚಯವೂ ಇರಲಿಲ್ಲ. ನೆಲ್ಲಿಕಾಯಿ ಜಾಡಿ ತಂದುಕೊಟ್ಟು, “ಹೆಣ್ಣೋ ಗಂಡೋ” ಎಂದು ಕೇಳಿದರು. ಕೇಳುವುದು ಇಷ್ಟು ಸುಲಭವೆಂದು ಯಾರಾದರೂ ನನಗೆ ಮೊದಲೇ ಹೇಳಬಾರದಿತ್ತೇ ಅನ್ನಿಸಿತು. ನಮ್ಮ ಮನೆಯವರು ಹೇಳಿದ್ದರು, ನಿಜ.

ಮಂಜು ಯುಗಾದಿಯ ಆಚೆ ಎದ್ದಿತು. ಸಸಿ ಮನೆಮನೆಗೆ ಹೋದವು. ಗಿಡ್ಡಗಾಯಿ ಬಿಟ್ಟವು, ಕೆಂಪಾದವು, ಛಾವಣಿಗಳೆಲ್ಲ ಕೆಂಪಾಗಿ ಊರಿಗೆ ಊರೇ ಸೀನಿತು. ಮರಿಬಸಪ್ಪಮಾವ ನಮ್ಮ ಮನೆಗೆ ಬಂದು ಮಾವಿನಕಾಯಿ ಹೆಚ್ಚಲು ಕಲಿತರು. ಹೋಳು ಒಂದು ಚಿಕ್ಕದು ಒಂದು ದೊಡ್ಡದು, ಆದರೂ ಕೂತ ಜಾಗದಿಂದ ಏಳಲಿಲ್ಲ. ಇಸ್ಪೀಟಿಗೆ ಕರೆಯಲು ಬಂದವರನ್ನು ಈಳಿಗೆ ತೋರಿಸಿ ಕಳಿಸಿದರು.

ಕಾರಹುಣ್ಣಿಮೆಯ ಹಿಂದುಮುಂದು ಒಂದು ಮಧ್ಯಾಹ್ನ, ಬೆಳಗಿನಿಂದ ಹಲವು ಜಾಡಿ ಕಟ್ಟಿ, ಕೊನೆಯದಕ್ಕೆ ಮಾವಿನಕಾಯಿ ತುಂಬುತ್ತಿದ್ದಾಗ ಮೋಡ ಕವಿಯಿತು. ಮೊದಲಾಗಿದ್ದರೆ ಜಾಡಿಯನ್ನು ಒಳಗೆ ಒಯ್ದು ಮುಚ್ಚಿಟ್ಟು ಬಿಸಿಲಿಗೆ ಕಾಯುತ್ತಿದ್ದೆ. ಮಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಜಗಲಿಯ ಅಂಚಿಗೆ ಸರಿದು ಕೂತೆವು. ಮೊದಲ ಹನಿಗಳು ಅಂಗಳದ ಧೂಳಿನಲ್ಲಿ ಗುಳಿ ಹೊಡೆದವು. ಪಕ್ಕದ ಅಂಗಳದಲ್ಲಿ ಜೈಬುನಕ್ಕ ಮೊಮ್ಮಗಳನ್ನು ಕಂಕುಳಲ್ಲಿ ಹಿಡಿದು, ಒಣಗಿದ ಬಟ್ಟೆಗಳನ್ನು ಎಳೆದುಕೊಳ್ಳುತ್ತ, ಈ ಮಳೆಗೆ ಹೊತ್ತು ಗೊತ್ತು ಇಲ್ಲವೆಂದು ಬೈಯುತ್ತಿದ್ದಳು. ಮಳೆ ಜೋರಾಗುವವರೆಗೆ ಕಾದು, ನಾನು ಬಟ್ಟೆ ಬಿಗಿದು ದಾರ ಸುತ್ತಿ ಗಂಟು ಹಾಕಿದೆ. “ಇದು ಯಾರಿಗೆ” ಎಂದು ಮಾವ ಪಿಸುಗುಟ್ಟಿದರು. ನಾನು ಕಣ್ಣಿನಲ್ಲೇ ಪಕ್ಕದ ಮನೆ ತೋರಿಸಿದೆ. ಅವರು ಪಂಚೆಯ ತುದಿಯಿಂದ ಜಾಡಿಯ ಮೇಲಿನ ಹನಿಗಳನ್ನು ಚೆನ್ನಾಗಿ ಒರೆಸಿ, ಬಿಸಿಲಿನ ಜಾಡಿಗಳ ಸಾಲಿನಲ್ಲಿ ಇಟ್ಟರು.